ಬಾಗಿಲಲ್ಲಿ ಕೇಳುವ ಪ್ರಶ್ನೆಗಳು: ಮುಂಬಯಿಯ ಬಾಡಿಗೆ ಮನೆಯ ಒಂದು ಶತಮಾನ

ಮುಂಬಯಿಯಲ್ಲಿ ಬಾಡಿಗೆಗೆ ಮನೆ ಹುಡುಕಿದವರಿಗೆಲ್ಲ ಮಾಲೀಕರು ಕೇಳುವ ಪ್ರಶ್ನೆಗಳು ಬಾಯಿಪಾಠವಾಗಿರುತ್ತವೆ. ಕೆಲಸ ಎಲ್ಲಿ? ಕರಾರಿಗೆ ಕಂಪನಿ ಸಹಿ ಹಾಕುತ್ತದೆಯೇ, ನೀವೇ ಹಾಕುತ್ತೀರಾ? ಸಂಸಾರವೋ, ಒಂಟಿಯೋ? ಎಷ್ಟು ತಿಂಗಳು ಇರುತ್ತೀರಿ? ಊರಿನಲ್ಲಿ ಸ್ವಂತ ಮನೆಯಿದೆಯೇ? ಅಡುಗೆಮನೆಯಲ್ಲಿ ಮೀನು, ಮಾಂಸ ಬೇಯುತ್ತದೆಯೇ? ಕೊನೆಗೆ ತುಸು ತಡೆದು, ನಿಮ್ಮ ಪೂರ್ತಿ ಹೆಸರೇನು? ಕೇಳುವವನು ದೊಡ್ಡ ಜಮೀನುದಾರನಲ್ಲ. ಹೊಟ್ಟೆಬಟ್ಟೆ ಕಟ್ಟಿ ಎರಡನೆಯ ಫ್ಲ್ಯಾಟು ಕೊಂಡ ಗುಮಾಸ್ತನಿರಬಹುದು, ಗಂಡನ ಪಿಂಚಣಿಗೆ ಒಂದು ಕೋಣೆಯ ಬಾಡಿಗೆಯನ್ನು ಸೇರಿಸಿಕೊಂಡು ತಿಂಗಳು ನೂಕುವ ವಿಧವೆಯಿರಬಹುದು. ಈ ಪ್ರಶ್ನೆಗಳನ್ನು ಅವರವರ ಸ್ವಭಾವದ ಎಚ್ಚರಿಕೆಯೆಂದೋ ಸಣ್ಣತನವೆಂದೋ ತಳ್ಳಿಹಾಕುವುದು ಸುಲಭ. ಆದರೆ ಈ ನಗರದ ಬಾಡಿಗೆ ಕಾನೂನುಗಳ ಚರಿತ್ರೆಯನ್ನು ಓದುತ್ತ ಹೋದಂತೆ ಒಂದೊಂದು ಪ್ರಶ್ನೆಗೂ ಒಂದೊಂದು ವಯಸ್ಸಿದೆ ಎಂಬುದು ಕಾಣತೊಡಗುತ್ತದೆ. ಕೆಲವು ಕಾನೂನಿನ ಭಯದಿಂದ ಹುಟ್ಟಿದವು. ಕೆಲವಕ್ಕೆ ಆ ಭಯ ಕೇವಲ ನೆಪವಾಗಿತ್ತು. ಯಾವುದು ಯಾವ ಬಗೆಯದು ಎಂದು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹತ್ತಿಗಿರಣಿಗಳ ಮುಂಬಯಿಗೆ ರತ್ನಾಗಿರಿಯಿಂದ, ಘಟ್ಟದ ಮೇಲಿನ ಜಿಲ್ಲೆಗಳಿಂದ, ನಮ್ಮ ಕಾರವಾರ, ಕುಮಟೆ, ಹೊನ್ನಾವರಗಳಿಂದ ಬಂದವರಿಗೆ ಅಪರಿಚಿತರ ಮನೆ ಬಾಡಿಗೆಗೆ ಸಿಗುತ್ತಿದ್ದುದೇ ಅಪರೂಪ. ಊರಿನವನೊಬ್ಬ ಮೊದಲೇ ಹಿಡಿದಿದ್ದ ಚಾಳಿನ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುವುದು ರೂಢಿ. ಗಿರಣಿಯಲ್ಲಿ ಕೆಲಸ ಕೊಡಿಸುವ ಜಾಬರನೇ ಎಷ್ಟೋ ಕಡೆ ಕೋಣೆಯನ್ನೂ ಗೊತ್ತುಮಾಡುತ್ತಿದ್ದ, ಬಾಡಿಗೆಗೆ ಜಾಮೀನಾಗುತ್ತಿದ್ದ, ಸಾಲವನ್ನೂ ಕೊಡುತ್ತಿದ್ದ. ಉತ್ತರ ಕನ್ನಡದ ಚಂದಾವರವನ್ನು ತಮ್ಮ ಹೆಸರಿನಲ್ಲಿ ಹೊತ್ತಿದ್ದ ಇತಿಹಾಸಕಾರ ರಾಜನಾರಾಯಣ ಚಂದಾವರಕರ್ ಮುಂಬಯಿಯ ಕಾರ್ಮಿಕ ಕೇರಿಗಳ ಈ ಹೆಣಿಗೆಯನ್ನು ವಿಸ್ತಾರವಾಗಿ ದಾಖಲಿಸಿದ್ದಾರೆ. ಅಲ್ಲಿ ಬಾಡಿಗೆದಾರನ ಪರೀಕ್ಷೆಯೆಂಬ ಪ್ರತ್ಯೇಕ ಕ್ರಿಯೆಯೇ ಇರಲಿಲ್ಲ. ಯಾರ ಕಡೆಯವನು ಎಂಬುದೇ ಅರ್ಹತಾಪತ್ರ. ಬಾಡಿಗೆ ಬಾಕಿಯಾದರೆ ಜಾತಿಯವನ ಮುಖಕ್ಕೆ ಮಸಿ ಬಳಿದಂತಾಗುತ್ತದೆ ಎಂಬ ಅಂಜಿಕೆಯೇ ಠೇವಣಿ. ನಮ್ಮ ಹೋಟೆಲು ಹುಡುಗರ ಪಾಡಂತೂ ಇನ್ನೂ ಸರಳವಾಗಿತ್ತು. ಗಿರಾಕಿಗಳು ಹೋದಮೇಲೆ ಹೋಟೆಲಿನ ಮೇಜುಗಳೇ ಮಂಚಗಳಾಗುತ್ತಿದ್ದವು. ಅವರಿಗೆ ಮಾಲೀಕನೂ ಯಜಮಾನನೂ ಒಬ್ಬನೇ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಕಿಕ್ಕಿರಿದ ಚಾಳುಗಳೇ ರೋಗದ ಬೀಡು ಎಂದು ತೀರ್ಮಾನಿಸಿದ ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಟ್ರಸ್ಟು ಹಳೆಯ ಕೇರಿಗಳನ್ನು ಕೆಡವಿತು, ಅಗಲ ರಸ್ತೆಗಳನ್ನು ಮಾಡಿತು. ಕೆಡವಿದಷ್ಟು ಕಟ್ಟಲಿಲ್ಲ. ಆದರೂ ಅದು ಕಟ್ಟಿದ ಬಿ.ಐ.ಟಿ. ಚಾಳುಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಪರೇಲಿನ ಅಂಥದೊಂದು ಚಾಳಿನ ವಿಷಯ ಮುಂದೆ ಬರುತ್ತದೆ.

ಇದೇ ಹೊತ್ತಿಗೆ ಉತ್ತರ ಕನ್ನಡದವರು ಈ ಕಥೆಯಲ್ಲಿ ಒಂದು ಮುಖ್ಯ ಪಾತ್ರ ವಹಿಸಿದರು. 1862ರಲ್ಲಿ ಆ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಾರವಾರ, ಶಿರಾಲಿ, ಹೊನ್ನಾವರಗಳ ಓದಿದ ತರುಣರಿಗೆ ಮುಂಬಯಿಯೇ ರಾಜಧಾನಿಯಾಯಿತು. ಚಿತ್ರಾಪುರ ಸಾರಸ್ವತರು ಕಚೇರಿಗಳಲ್ಲಿ, ನ್ಯಾಯಾಲಯಗಳಲ್ಲಿ ಕೆಲಸ ಹಿಡಿದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ. ಆದರೆ ಒಪ್ಪುವ ಬಾಡಿಗೆಗೆ ಒಪ್ಪುವ ಮನೆ ಮಾತ್ರ ಇಲ್ಲ. ಆ ಸಮುದಾಯದ ಶ್ರೀಪಾದ ಸುಬ್ಬರಾವ್ ತಲ್ಮಾಕಿಯವರು 1906ರಲ್ಲಿ ತಮ್ಮ ಗುರುಗಳ ಹೆಸರಿನಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದ್ದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ದೇಶದ ಮೊದಲ ಸಹಕಾರಿ ಗೃಹನಿರ್ಮಾಣ ಸಂಘವೆಂದು ಅದಕ್ಕೆ ಹೆಸರಿದೆ. ಅಲ್ಲಿ ಸದಸ್ಯರೆಲ್ಲ ಕೂಡಿಯೇ ಮಾಲೀಕರು. ಬಾಡಿಗೆ ಏರಿಸುವ ಹೊರಗಿನವನಿಲ್ಲ, ಮಧ್ಯರಾತ್ರಿ ಬೀಗ ಜಡಿಯುವವನೂ ಇಲ್ಲ.

ಇದನ್ನು ಸಾಧನೆಯೆಂದೇ ನಾನು ಎಣಿಸುತ್ತೇನೆ. ನಿಶ್ಚಿತ ಸಂಬಳದ ಗುಮಾಸ್ತರು ಕೂಡಿ ಮಾಲೀಕನ ಹಂಗನ್ನೇ ಹರಿದುಕೊಂಡ ಇನ್ನೊಂದು ಉದಾಹರಣೆ ಆ ಕಾಲದಲ್ಲಿ ಸುಲಭವಾಗಿ ಸಿಗದು. ಆದರೆ ಆ ಮಾದರಿಯಲ್ಲಿ ಇನ್ನೊಂದು ಸಂಗತಿಯೂ ಅಡಗಿತ್ತು. ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಸಂಘದ ಹೆಸರೇ ಕೇಳಿ ಮುಗಿಸಿರುತ್ತದೆ. ನಂತರದ ದಶಕಗಳಲ್ಲಿ ಮುಂಬಯಿಯ ಒಂದೊಂದು ಸಮುದಾಯವೂ ತನ್ನದೇ ಸಂಘ, ತನ್ನದೇ ಕಾಲೊನಿ ಕಟ್ಟಿಕೊಂಡಾಗ ಒಳಗಿದ್ದವರಿಗೆ ಅದು ನೆಮ್ಮದಿ. ಯಾವ ಸಂಘವೂ ಇಲ್ಲದವರಿಗೆ ಊರು ಅಷ್ಟಷ್ಟೇ ಕಿರಿದಾಗುತ್ತ ಹೋಯಿತು.

ಹಾಗೆ ಕಿರಿದಾದ ಊರು ಹೇಗಿರುತ್ತದೆ ಎಂಬುದನ್ನು ತಿಳಿಯಲು ಮುಂಬಯಿಯಿಂದ ಬರೋಡೆಗೆ ಹೋಗಬೇಕು. 1917ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದ ಭೀಮರಾವ್ ಅಂಬೇಡ್ಕರರು ಮಹಾರಾಜ ಸಯಾಜಿರಾವ್ ಗಾಯಕವಾಡರ ಸರ್ಕಾರದಲ್ಲಿ ಅಧಿಕಾರಿಯಾಗಿ ಆ ಊರಿಗೆ ಹೋದರು. ಹುದ್ದೆಯಿತ್ತು, ತಂಗಲು ಸ್ಥಳವಿರಲಿಲ್ಲ. ಮುಂದೆ 1930ರ ದಶಕದಲ್ಲಿ ಬರೆದ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮವೃತ್ತಾಂತದಲ್ಲಿ ಅವರು ಇದನ್ನು ನಿರುದ್ವಿಗ್ನವಾಗಿ ಹೇಳುತ್ತಾರೆ. ಹಿಂದೂ ಹೋಟೆಲುಗಳು ತಮ್ಮನ್ನು ಸೇರಿಸಲಾರವು ಎಂದು ಅವರಿಗೆ ಗೊತ್ತಿತ್ತು. ಒಂದು ಪಾರ್ಸಿ ವಸತಿಗೃಹವನ್ನು ಹುಡುಕಿದರು. ಅದು ಪಾರ್ಸಿಗಳಿಗೆ ಮಾತ್ರ ಮೀಸಲು. ಅತಿಥಿಗಳಿಲ್ಲದೆ ಬಿಕೋ ಎನ್ನುತ್ತಿದ್ದ ಆ ಮನೆಯ ಮೇಲ್ವಿಚಾರಕನಿಗೆ ದಿನಕ್ಕೆ ಒಂದೂವರೆ ರೂಪಾಯಿಯ ಆದಾಯ ಬೇಕಿತ್ತು. ಪಾರ್ಸಿ ಹೆಸರಿನಲ್ಲಿ ದಾಖಲಾಗುವ ಉಪಾಯವನ್ನು ಇಬ್ಬರೂ ಒಪ್ಪಿಕೊಂಡರು.

ಅತ್ತ ಸರ್ಕಾರಿ ಬಂಗಲೆಗೆ ಹಾಕಿದ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಕ್ವಾರ್ಟರ್ಸಿಗೆ ಅರ್ಜಿ ಹಾಕಿದ ಯಾವ ಸರ್ಕಾರಿ ನೌಕರನಿಗೂ ಆ ಕಡತದ ನಡಿಗೆ ಅಪರಿಚಿತವಲ್ಲ. ನಮ್ಮಂಥವರಿಗೆ ಕಾಯುವಷ್ಟು ಕಾಲ ಬೇರೆ ಸೂರು ಸಿಗುತ್ತದೆ ಎಂಬುದೊಂದೇ ವ್ಯತ್ಯಾಸ. ಹನ್ನೊಂದನೆಯ ದಿನ ಬೆಳಿಗ್ಗೆ ಕೋಲು ಹಿಡಿದ ಹನ್ನೆರಡು ಮಂದಿ ಪಾರ್ಸಿಗಳು ಮೆಟ್ಟಿಲೇರಿ ಬಂದು, ಸಂಜೆಯೊಳಗೆ ಖಾಲಿ ಮಾಡಬೇಕೆಂದು ಹೇಳಿಹೋದರು. ಇಬ್ಬರು ಮಿತ್ರರಿದ್ದರು. ಹಿಂದೂ ಮಿತ್ರ ತನ್ನ ಮನೆಯ ಆಳುಗಳು ಬಿಟ್ಟುಹೋಗುತ್ತಾರೆಂದು ಹೇಳಿದ. ಕ್ರೈಸ್ತ ಮಿತ್ರ ಮರುದಿನ ಬರಲಿರುವ ಹೆಂಡತಿಯನ್ನು ಕೇಳಬೇಕೆಂದ. ರಾತ್ರಿಯ ರೈಲು ಹೊರಡುವವರೆಗೆ ಅವರು ಕಾಮಾಠಿ ಬಾಗ್ ಉದ್ಯಾನದಲ್ಲಿ ಕುಳಿತಿದ್ದರು.

ಈ ಘಟನೆಯನ್ನು ಅಸ್ಪೃಶ್ಯತೆಯ ಕಥೆಯಾಗಿ ನಾವು ಓದುತ್ತೇವೆ, ಓದಲೇಬೇಕು. ಬಾಡಿಗೆಯ ಚರಿತ್ರೆಯಾಗಿ ಓದಿದಾಗ ಇನ್ನೊಂದು ಅಂಶ ಕಣ್ಣಿಗೆ ಬೀಳುತ್ತದೆ. ಅಂಬೇಡ್ಕರರು ಹಣ ಬಾಕಿ ಇಟ್ಟಿರಲಿಲ್ಲ. ಖಾಯಮ್ಮಾಗಿ ಉಳಿಯುವ ಹವಣಿಕೆಯೂ ಅವರದಾಗಿರಲಿಲ್ಲ. ಹೊರಡುವ ದಿನಕ್ಕೇ ಕಾಯುತ್ತಿದ್ದರು. ಬಾಡಿಗೆದಾರನ ಬಗ್ಗೆ ಮಾಲೀಕನಿಗಿರಬಹುದಾದ ಒಂದೇ ಒಂದು ಸಕಾರಣ ಭಯವೂ ಅಲ್ಲಿರಲಿಲ್ಲ. ಬಾಡಿಗೆ ನಿಯಂತ್ರಣ ಕಾನೂನೆಂಬುದೇ ಆಗ ಹುಟ್ಟಿರಲಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅದು ಹುಟ್ಟಿದ್ದು ಮರುವರ್ಷ. ಮೊದಲ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಬಾಡಿಗೆಗಳು ಗಗನಕ್ಕೇರಿದಾಗ 1918ರಲ್ಲಿ ಯುದ್ಧಕಾಲದ ನಿರ್ಬಂಧವಾಗಿ ಮೊದಲ ಕಾಯಿದೆ ಬಂತು. ತಾತ್ಕಾಲಿಕವೆಂದೇ ಬಂದದ್ದು ಹೋಯಿತು ಕೂಡ. ಎರಡನೆಯ ಯುದ್ಧದೊಡನೆ 1939ರಲ್ಲಿ ಮತ್ತೆ ಬಂತು. ಸ್ವಾತಂತ್ರ್ಯದ ವರ್ಷದಲ್ಲಿ, ದೇಶವಿಭಜನೆಯ ನಿರಾಶ್ರಿತರು ಬಂದಿಳಿಯುತ್ತಿದ್ದಾಗ, 1947ರ ಬಾಂಬೆ ರೆಂಟ್ ಆ್ಯಕ್ಟ್ ಆಗಿ ನೆಲೆನಿಂತಿತು. ಇದಕ್ಕೂ ಅವಧಿಯಿತ್ತು; ಅವಧಿ ಮುಗಿದಾಗಲೆಲ್ಲ ಶಾಸನಸಭೆ ಅದನ್ನು ವಿಸ್ತರಿಸುತ್ತ ಹೋಯಿತು. ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಲಾಯಿತು. ಬಾಡಿಗೆದಾರ ಬಾಡಿಗೆ ಕಟ್ಟುತ್ತಿರುವವರೆಗೆ ಕಾಯಿದೆ ಹೇಳಿದ ಕೆಲವೇ ಕಾರಣಗಳ ಹೊರತು ಅವನನ್ನು ಎಬ್ಬಿಸುವಂತಿಲ್ಲ. ಅವನು ತೀರಿಕೊಂಡರೆ ಜೊತೆಗಿದ್ದ ಮನೆಯವರಿಗೆ ಹಕ್ಕು ದಾಟುತ್ತದೆ.

ಗಿರಣಿ ಕಾರ್ಮಿಕನನ್ನು, ಕೆಳಮಧ್ಯಮ ವರ್ಗದವನನ್ನು ಈ ಕಾಯಿದೆ ಬೀದಿಪಾಲಾಗದಂತೆ ಉಳಿಸಿತು. ಅದನ್ನು ಮರೆತು ಈಗಿನ ಅರ್ಥಶಾಸ್ತ್ರದ ಕಣ್ಣಿನಿಂದ ಹಂಗಿಸುವವರ ಜೊತೆ ನಾನು ಸೇರಲಾರೆ. ಆದರೆ ಬಾಡಿಗೆದಾರನ ಆಯ್ಕೆಯ ಅರ್ಥವನ್ನೇ ಅದು ಬುಡಮೇಲು ಮಾಡಿತು. ಅದುವರೆಗೆ ಮಾಲೀಕ ಒಬ್ಬ ಗಿರಾಕಿಯನ್ನು ಆರಿಸುತ್ತಿದ್ದ. ಈಗ ಒಂದು ವಂಶವನ್ನು ಆರಿಸಬೇಕಾಯಿತು. ಮಗಳಿಗೆ ಗಂಡು ನೋಡುವುದಕ್ಕಿಂತ ಕೋಣೆಗೆ ಬಾಡಿಗೆದಾರನನ್ನು ನೋಡುವುದು ಹೆಚ್ಚು ಗಂಭೀರವಾಯಿತು ಎಂದರೆ ಅತಿಶಯೋಕ್ತಿಯಾಗದು.

ಇಷ್ಟು ದೊಡ್ಡ ನಿರ್ಧಾರಕ್ಕೆ ಪೇಟೆ ಕಂಡುಕೊಂಡ ಉತ್ತರ ಪಗಡಿ. ಪೇಟವೆಂದು ಅರ್ಥವಿರುವ ಈ ಶಬ್ದ, ಕೋಣೆ ಕೈಬದಲಾಗುವಾಗ ಗುಟ್ಟಾಗಿ ಕೊಡುವ ಇಡಿಗಂಟಿನ ಹೆಸರಾಯಿತು. ಬರುವವನು ಹೋಗುವವನಿಗೆ ಕೊಡುತ್ತಾನೆ. ಅದರಲ್ಲಿ ಒಂದು ಪಾಲು, ರೂಢಿಯಲ್ಲಿ ಸುಮಾರು ಮೂರನೆಯ ಒಂದು ಭಾಗ, ರಸೀದಿಯ ಹೆಸರು ಬದಲಿಸಲು ಮಾಲೀಕನಿಗೆ. 1947ರ ಕಾಯಿದೆಯ ಪ್ರಕಾರ ಇದು ಅಪರಾಧ. ಆದರೂ ಅರ್ಧ ಶತಮಾನ ಗಿರಗಾಂವ್, ಪರೇಲ್, ದಾದರ್‌ಗಳ ಮನೆಗಳು ಹೀಗೆಯೇ ಕೈಯಿಂದ ಕೈಗೆ ಹೋದವು. ಪಗಡಿಯ ವ್ಯವಹಾರದಲ್ಲಿ ಹಣದ ಗಂಟು ಎಷ್ಟೋ ಪ್ರಶ್ನೆಗಳ ಬಾಯಿ ಮುಚ್ಚಿಸಿತು ಎನ್ನುವುದು ನಿಜ. ಗಂಟಿಲ್ಲದವನು ಬಾಗಿಲವರೆಗೂ ಬರಲಿಲ್ಲ ಎನ್ನುವುದೂ ಅಷ್ಟೇ ನಿಜ. ಇತ್ತ ದಶಕಗಳ ಹಿಂದಿನ ಬಾಡಿಗೆಯಲ್ಲಿ ಕಟ್ಟಡ ರಿಪೇರಿ ಮಾಡುವವರಿರಲಿಲ್ಲ. 1969ರಲ್ಲಿ ಸರ್ಕಾರವೇ ಉಪಕರ ವಸೂಲಿ ಮಾಡಿ ದುರಸ್ತಿ ನಡೆಸಲು ಮಂಡಳಿ ರಚಿಸಬೇಕಾಯಿತು; ಅದರ ಪಟ್ಟಿಗೆ ಸೇರಿದ ಕಟ್ಟಡಗಳು 19,000ಕ್ಕೂ ಹೆಚ್ಚು.

ಬಾಡಿಗೆಗೆ ಕೊಟ್ಟರೆ ಕೈತಪ್ಪುತ್ತದೆ ಎಂದಾದಮೇಲೆ ವಕೀಲರು ಇನ್ನೊಂದು ದಾರಿ ತೋರಿಸಿದರು. 1882ರ ಈಸ್‌ಮೆಂಟ್ಸ್ ಕಾಯಿದೆಯಲ್ಲಿ ‘ಲೈಸೆನ್ಸ್’ ಎಂಬ ಪರಿಕಲ್ಪನೆಯಿದೆ. ಆಸ್ತಿಯಲ್ಲಿ ಯಾವ ಹಕ್ಕನ್ನೂ ಕೊಡದೆ, ಬರಿಯ ಬಳಕೆಗೆ ಕೊಡುವ ಅನುಮತಿ ಅದು. ಹೀಗೆ ‘ಲೀವ್ ಆ್ಯಂಡ್ ಲೈಸೆನ್ಸ್’ ಕರಾರು ಚಾಲ್ತಿಗೆ ಬಂತು. ಅದರ ಭಾಷೆಯಲ್ಲಿ ಒಳಗಿರುವವನು ಬಾಡಿಗೆದಾರನಲ್ಲ, ಕೊಡುವ ಹಣ ಬಾಡಿಗೆಯಲ್ಲ. ಆಮೇಲೆ ಬಂದದ್ದು 1973. ಆ ವರ್ಷ ತಂದ ತಿದ್ದುಪಡಿಯ ಪ್ರಕಾರ ಫೆಬ್ರುವರಿ 1ರಂದು ಜಾರಿಯಲ್ಲಿದ್ದ ಲೈಸೆನ್ಸಿನ ಮೇಲೆ ಒಳಗಿದ್ದವರೆಲ್ಲ ಆ ದಿನದಿಂದ ಸಂರಕ್ಷಿತ ಬಾಡಿಗೆದಾರರಾದರು. ಸಾವಿರಾರು ಮಂದಿಗೆ ಅದು ವರದಾನವಾಯಿತು. ನಿವೃತ್ತಿಯ ನಂತರ ಬಂದಿರೋಣವೆಂದು ಬೀಗದ ಕೈಯನ್ನು ಹನ್ನೊಂದು ತಿಂಗಳಿಗೆ ಯಾರಿಗೋ ಕೊಟ್ಟಿದ್ದ ಸಣ್ಣ ಮಾಲೀಕನಿಗೆ ಸಿಡಿಲು ಬಡಿದಂತಾಯಿತು.

ಮುಂಬಯಿಯ ಮಾಲೀಕರ ಮನಸ್ಸಿನಿಂದ 1973 ಇಂದಿಗೂ ಪೂರ್ತಿ ಅಳಿಸಿಲ್ಲ. ಆ ಕಾನೂನಿನ ಹೆಸರು ಗೊತ್ತಿಲ್ಲದವರಲ್ಲೂ ಅದು ಉಳಿದಿದೆ. ಎಷ್ಟು ತಿಂಗಳು, ಊರಿನಲ್ಲಿ ಮನೆಯಿದೆಯೇ, ಕಂಪನಿ ಸಹಿ ಹಾಕುತ್ತದೆಯೇ ಎಂಬ ಪ್ರಶ್ನೆಗಳಿಗೆ ಬಲ ಬಂದದ್ದು ಆ ಅನುಭವದಿಂದ. ಬಾಡಿಗೆ ಕಟ್ಟುತ್ತಾನೋ ಇಲ್ಲವೋ ಎಂಬುದಕ್ಕಿಂತ ಎದ್ದು ಹೋಗುತ್ತಾನೋ ಇಲ್ಲವೋ ಎಂಬುದು ಮುಖ್ಯವಾಯಿತು. ಬೇರುಬಿಡುವವನು ಬೇಡ. ಕಂಪನಿಯ ಅಧಿಕಾರಿ, ಬ್ಯಾಂಕಿನ ಮ್ಯಾನೇಜರ್, ವಿದೇಶಿ, ಸೈನ್ಯದವನು ಇವರೆಲ್ಲ ಇಷ್ಟವಾದದ್ದು ಅವರಿಗೆ ಹೋಗುವ ಊರೊಂದು ನಿಶ್ಚಿತವಾಗಿ ಇದ್ದುದರಿಂದ. ವರ್ಗಾವಣೆಯ ನೌಕರಿಯ ನಾನು ದಲ್ಲಾಳಿಗಳ ಬಾಯಲ್ಲಿ ‘ಸೆಂಟ್ರಲ್ ಗೌರ್ಮೆಂಟ್, ಮೂರು ವರ್ಷದಲ್ಲಿ ಹೋಗಿಬಿಡುತ್ತಾರೆ’ ಎಂದು ಹೊಗಳಿಸಿಕೊಂಡವನು. ಮನುಷ್ಯನೊಬ್ಬನ ಅತ್ಯುತ್ತಮ ಗುಣವೆಂದರೆ ಅವನ ನಿರ್ಗಮನ ಎಂಬ ಭಾವ ಇದರಲ್ಲಿದೆ. ಕೇಳಿ ನಕ್ಕರೂ ಲಾಭ ಪಡೆದದ್ದು ನಾನೇ.

ಇಡೀ ಕಟ್ಟಳೆಯನ್ನು ಅಲುಗಾಡಿಸಿದ ಮೊಕದ್ದಮೆಯ ಹೆಸರಿನಲ್ಲಿ ನಮ್ಮ ಕರಾವಳಿಯ ಊರೊಂದಿದೆ. ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಇತರರು ವಿರುದ್ಧ ಮಹಾರಾಷ್ಟ್ರ ಸರ್ಕಾರ. 1997ರ ಡಿಸೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯ ಇದರಲ್ಲಿ ತೀರ್ಪು ಕೊಟ್ಟಿತು. 1940ರ ಬಾಡಿಗೆಯನ್ನು ಹಾಗೆಯೇ ಹೆಪ್ಪುಗಟ್ಟಿಸಿಡುವ ವಿಧಿಗಳು ಒಂದು ಕಾಲಕ್ಕೆ ಸಮಂಜಸವಾಗಿದ್ದರೂ ಕಾಲಾಂತರದಲ್ಲಿ ವಿವೇಚನೆಯಿಲ್ಲದವೂ ಮನಬಂದಂಥವೂ ಆಗಿವೆ. ಒಂದು ಪಕ್ಷಕ್ಕೆ ಅನ್ಯಾಯ ಮಾಡುವ ಕಾನೂನು ಕಾನೂನುಬಾಹಿರ ನಡತೆಯನ್ನು ಬೆಳೆಸುತ್ತದೆ ಎಂಬುದು ಅದರ ಇಂಗಿತ. ಕಾಯಿದೆಯ ಅವಧಿ 1998ರ ಮಾರ್ಚಿಗೆ ಮುಗಿಯಲಿದ್ದುದರಿಂದ ನ್ಯಾಯಾಲಯ ಅದನ್ನು ರದ್ದುಮಾಡದೆ ಹೊಸ ಕಾಯಿದೆಗೆ ಅವಕಾಶ ಬಿಟ್ಟಿತು.

ಹೊಸ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 1999ರದು. 2000ದ ಮಾರ್ಚ್ 31ರಂದು ಜಾರಿಗೆ ಬಂತು. ಹಳೆಯ ಬಾಡಿಗೆದಾರರ ರಕ್ಷಣೆ ಉಳಿಯಿತು, ಬಾಡಿಗೆ ವರ್ಷಕ್ಕೆ ಶೇಕಡಾ 4ರಷ್ಟು ಏರಬಹುದಾಯಿತು, ಪಗಡಿ ಅಪರಾಧವಾಗುವುದು ನಿಂತಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು 24ನೆಯ ಕಲಮು. ವಾಸಕ್ಕೆಂದು ಲೈಸೆನ್ಸಿನ ಮೇಲೆ ಕೊಟ್ಟ ಮನೆಯನ್ನು ಅವಧಿ ಮುಗಿದೊಡನೆ ಬಿಡಬೇಕು. ಬಿಡದಿದ್ದರೆ ಸಕ್ಷಮ ಪ್ರಾಧಿಕಾರದ ಮುಂದೆ ಸಂಕ್ಷಿಪ್ತ ವಿಚಾರಣೆ, ಉಳಿದಷ್ಟು ದಿನಕ್ಕೆ ದುಪ್ಪಟ್ಟು ಹಣ. ಕರಾರು ಲಿಖಿತವಾಗಿ ನೋಂದಣಿಯಾಗಿರಬೇಕು, ಅದರ ಹೊಣೆ ಮಾಲೀಕನದು. ನೋಂದಾಯಿಸಿದ ಕರಾರಿನಲ್ಲಿ ಬರೆದದ್ದೇ ಪ್ರಮಾಣ.

ಅಂದರೆ 1947ರಿಂದ ಕಾಡುತ್ತಿದ್ದ ಭಯದ ಬುಡ ಬಹುಮಟ್ಟಿಗೆ ಕಡಿಯಿತು. ವಿಚಾರಣೆ ಎಳೆಯುವುದುಂಟು, ಸಣ್ಣ ಮಾಲೀಕನಿಗೆ ವಕೀಲನ ಖರ್ಚೂ ಭಾರವೇ, ಅದನ್ನು ಅಲ್ಲಗಳೆಯಲಾರೆ. ಆದರೂ ವಂಶವನ್ನು ಆರಿಸಬೇಕಾದ ಕಾಲ ಮುಗಿಯಿತು. ಎಲ್ಲ ಪ್ರಶ್ನೆಗಳೂ ಆ ಭಯದಿಂದಲೇ ಹುಟ್ಟಿದ್ದರೆ ಅವು ಒಂದೊಂದಾಗಿ ಉದುರಬೇಕಿತ್ತು. ಕೆಲವು ಉದುರಿದವು ಕೂಡ. ಊರಿನಲ್ಲಿ ಮನೆಯಿದೆಯೇ ಎಂದು ಈಗ ಕೇಳುವವರು ಕಡಿಮೆ, ಕಂಪನಿಯ ಸಹಿಗೆ ಪಟ್ಟುಹಿಡಿಯುವವರೂ ಕಡಿಮೆ. ಮೀನಿನ ಪ್ರಶ್ನೆ ಉಳಿಯಿತು. ಒಂಟಿ ಹೆಣ್ಣಿನ ಬಗೆಗಿನ ಪ್ರಶ್ನೆ ಉಳಿಯಿತು. ಪೂರ್ತಿ ಹೆಸರಿನ ಪ್ರಶ್ನೆ ಉಳಿದದ್ದಷ್ಟೇ ಅಲ್ಲ, 1992-93ರ ಗಲಭೆಗಳ ನಂತರ ಇನ್ನಷ್ಟು ಗಟ್ಟಿಯಾಯಿತು. ಬರೋಡೆಯ ಮೆಟ್ಟಿಲಲ್ಲಿ ಕೋಲು ಹಿಡಿದು ನಿಂತಿದ್ದ ಪ್ರಶ್ನೆಯೂ ಅದೇ. ಬಾಡಿಗೆ ಕಾಯಿದೆಗಿಂತ ಮೊದಲು ಇದ್ದದ್ದು ಬಾಡಿಗೆ ಕಾಯಿದೆಯ ಭಯ ಹೋದ ಮೇಲೂ ಇದೆಯೆಂದರೆ, ನಡುವಿನ ಐವತ್ತು ವರ್ಷ ಆ ಭಯ ಅದಕ್ಕೆ ಒಳ್ಳೆಯ ಮುಸುಕಾಗಿತ್ತು ಎಂದೇ ಹೇಳಬೇಕಾಗುತ್ತದೆ.

ಈ ನಡುವೆ ರಾಜ್ಯವೂ ತನ್ನದೊಂದು ಪ್ರಶ್ನೆಯನ್ನು ಸೇರಿಸಿತು. ಸ್ಫೋಟಗಳ, ದಾಳಿಗಳ ಕಾಲದಲ್ಲಿ ಪೊಲೀಸ್ ಆಯುಕ್ತರು ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಡಿ ಆಜ್ಞೆ ಹೊರಡಿಸಿ, ಬಾಡಿಗೆದಾರನ ವಿವರವನ್ನು ಠಾಣೆಗೆ ಒಪ್ಪಿಸುವ ಹೊಣೆಯನ್ನು ಮಾಲೀಕನಿಗೆ ಹೊರಿಸತೊಡಗಿದರು. ತಪ್ಪಿದರೆ ಶಿಕ್ಷೆ ಮಾಲೀಕನಿಗೆ. ಭದ್ರತೆಯ ಅಗತ್ಯವನ್ನು ಒಪ್ಪಿಕೊಂಡೇ ಹೇಳುತ್ತೇನೆ: ಸಂಶಯಪಡುವ ಕೆಲಸವನ್ನು ಮನೆಯೊಡೆಯನಿಗೆ ಗುತ್ತಿಗೆ ಕೊಟ್ಟಾಗ ಅವನು ತನಗೆ ಮೊದಲೇ ಇದ್ದ ಸಂಶಯಗಳನ್ನೇ ಬಳಸುತ್ತಾನೆ. ಕೆಲವು ಹೆಸರುಗಳ ಅರ್ಜಿಯನ್ನು ಠಾಣೆಗೆ ಒಯ್ಯುವ ತೊಂದರೆಯೇ ಬೇಡವೆಂದು ಅಂಥವರಿಗೆ ಮನೆಯನ್ನೇ ಕೊಡುವುದಿಲ್ಲ.

ಸಂಘಗಳ ಕಥೆಗೂ ಒಂದು ಮುಂದಿನ ಅಧ್ಯಾಯವಿದೆ. ಅಹಮದಾಬಾದಿನ ಜೊರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಸದಸ್ಯನೊಬ್ಬ ಹೊರಗಿನವರಿಗೆ ಮಾರಲು ಹೊರಟಾಗ ಎದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ, ಸದಸ್ಯತ್ವವನ್ನು ಪಾರ್ಸಿಗಳಿಗೇ ಮಿತಿಗೊಳಿಸುವ ಉಪವಿಧಿ ಊರ್ಜಿತವೆಂದಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಸಂವಿಧಾನ ಕೊಟ್ಟದ್ದು. ತಾರತಮ್ಯ ನಿಷೇಧದ ಮೂಲಭೂತ ಹಕ್ಕು ಖಾಸಗಿ ಸಂಘದ ಮೇಲೆ ನೇರವಾಗಿ ಬೀಳುವುದಿಲ್ಲ ಎಂಬ ತರ್ಕ. ಕಾನೂನಿನ ದೃಷ್ಟಿಯಿಂದ ಅದಕ್ಕೆ ಆಧಾರವಿದೆ. ಆದರೆ ಒಂದೊಂದು ಸಂಘವೂ ತನ್ನ ಸ್ವಾತಂತ್ರ್ಯವನ್ನು ಹೀಗೆಯೇ ಚಲಾಯಿಸಿದರೆ ಊರಿನಲ್ಲಿ ಒಟ್ಟಾರೆ ಉಳಿಯುವ ಜಾಗವೆಷ್ಟು ಎಂಬ ಲೆಕ್ಕ ಆ ತರ್ಕದೊಳಗೆ ಬರುವುದಿಲ್ಲ. ಗಾಮದೇವಿಯ ಗುಮಾಸ್ತರು ಸಂಘ ಕಟ್ಟಿದ್ದು ದುರ್ಬಲರಾಗಿದ್ದುದರಿಂದ. ಅದೇ ಆಯುಧ ಈಗ ಯಾರ ಕೈಯಲ್ಲಿದೆ ಎಂದು ಕೇಳಬೇಕು.

ಇದು ಮುಂಬಯಿಯೊಂದರ ಕಾಯಿಲೆಯಲ್ಲ ಎಂಬುದಕ್ಕೆ ದೆಹಲಿ ಸಾಕ್ಷಿ. ಅಲ್ಲಿ ಬೇರೆಯೇ ಬಾಡಿಗೆ ಕಾಯಿದೆ, ಬೇರೆಯೇ ಚರಿತ್ರೆ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ರಾಜಧಾನಿ ಪ್ರದೇಶದಲ್ಲಿ ಮೇಲ್ಜಾತಿಯ, ದಲಿತ, ಮುಸ್ಲಿಂ ಹೆಸರುಗಳಿಂದ ಮನೆ ಕೇಳಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ‘ಇಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬಂತು. ದೂರವಾಣಿಯಲ್ಲಿ ವಿಚಾರಿಸಿದ ಮೇಲ್ಜಾತಿಯ ಒಬ್ಬ ಅಭ್ಯರ್ಥಿಗೂ ಇಲ್ಲವೆನ್ನಲಿಲ್ಲ. ದಲಿತರಿಗೆ ಅಂದರು, ಮುಸ್ಲಿಮರಿಗೆ ಇನ್ನೂ ಹೆಚ್ಚಾಗಿ ಅಂದರು. ಇನ್ನು ಕೆಲವರಿಗೆ ಮನೆ ಇದೆ ಎಂದು ಹೇಳಿ ಬಾಡಿಗೆಯನ್ನೋ ಷರತ್ತನ್ನೋ ಏರಿಸಿದರು. ಪರೀಕ್ಷೆಗೆ ಮೊದಲೇ ಫಲಿತಾಂಶ ನಮಗೆಲ್ಲ ಗೊತ್ತಿತ್ತು. ನಾವು ನಡೆಸುವ ವಾಟ್ಸಾಪ್ ಗುಂಪುಗಳಲ್ಲಿ ‘ನಮ್ಮವರಿಗೆ ಆದ್ಯತೆ’ ಎಂಬ ಒಕ್ಕಣೆಯೊಡನೆ ಬರುವ ಮನೆಗಳ ಜಾಹೀರಾತನ್ನು ನೋಡಿದವರು ಆಶ್ಚರ್ಯಪಡಬೇಕಾದ್ದೇನೂ ಇಲ್ಲ. ಆ ‘ನಮ್ಮವರು’ ಎಂಬುದರಲ್ಲಿ ಎಷ್ಟು ಸಲ ಕನ್ನಡದವರೆಲ್ಲ ಸೇರುತ್ತಾರೆ, ಎಷ್ಟು ಸಲ ಸೇರುವುದಿಲ್ಲ ಎಂಬುದೂ ನಮಗೆ ಗೊತ್ತು.

ಆಯ್ಕೆಯ ಕಟ್ಟಕಡೆಯ ರೂಪವೆಂದರೆ ಯಾರಿಗೂ ಕೊಡದಿರುವುದು. 2011ರ ಜನಗಣತಿ ನಗರ ಭಾರತದಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇವೆಯೆಂದು ದಾಖಲಿಸಿತು. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯ ಉದ್ದೇಶಗಳಲ್ಲಿ ಈ ಬೀಗಗಳನ್ನು ತೆರೆಸುವುದೂ ಒಂದು. ವಾಸದ ಮನೆಗೆ ಠೇವಣಿ ಎರಡು ತಿಂಗಳ ಬಾಡಿಗೆ ಮೀರಬಾರದೆನ್ನುತ್ತದೆ, ತ್ವರಿತ ವಿಚಾರಣೆಗೆ ಪ್ರಾಧಿಕಾರಗಳನ್ನು ಸೂಚಿಸುತ್ತದೆ. ಮಾಲೀಕನ ಭಯಕ್ಕೆ ಮದ್ದು ಅದರಲ್ಲಿದೆ. ಹೆಸರು ಕೇಳಿ ತಿರಸ್ಕರಿಸಿದವನ ಬಗ್ಗೆ ಅದರಲ್ಲಿ ಮಾತಿಲ್ಲ.

ಪರೇಲಿನ ಚಾಳಿನ ಮಾತು ಬಾಕಿಯಿತ್ತು. ಬರೋಡೆಯಿಂದ ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಮರಳಿದ ಅಂಬೇಡ್ಕರರಿಗೆ ಸೇರಲು ಮನೆಯೊಂದಿತ್ತು. ಅದು ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳು. ಅದರ ಮಾಲೀಕ ಖಾಸಗಿಯವನಲ್ಲ. ಆ ಪುಟ್ಟ ಕೋಣೆಗಳಲ್ಲಿ ಅವರ ಸಂಸಾರ ಎರಡು ದಶಕಗಳಿಗೂ ಮೀರಿ ಬಾಳಿತು. 1930ರ ದಶಕದಲ್ಲಿ ಅವರು ಅದನ್ನು ಬಿಟ್ಟು ದಾದರಿನ ಹಿಂದೂ ಕಾಲೊನಿಯ ‘ರಾಜಗೃಹ’ಕ್ಕೆ ಹೋದರು. ಅದು ಅವರೇ ಕಟ್ಟಿಸಿದ ಮನೆ.